ಗಾಳಿ ಸೋಸಿದವರು, ಗಾದಿ ಝಾಡಿಸಿದವರು

ಸೊಲ್ಲಾಪುರದಲ್ಲಿ ಗಾಳಿಯ ಯಂತ್ರ ಅಂದರೆ ಕೂಲರ್. ಮಾರ್ಚ್ ಬಂತೆಂದರೆ ಅಟ್ಟದಿಂದ ಇಳಿದು, ಹೊಸ ಹುಲ್ಲಿನ ಪ್ಯಾಡ್ ಹಾಕಿಸಿಕೊಂಡು, ಕಿಟಕಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಈಚೆಗೆ ಅದೇ ಅಂಗಡಿಗಳ ಮೂಲೆಯಲ್ಲಿ ಇನ್ನೊಂದು ಬಿಳಿ ಡಬ್ಬಿಯೂ ಕಾಣತೊಡಗಿದೆ. ಅದು ಏರ್ ಪ್ಯೂರಿಫೈಯರ್. ಅಲರ್ಜಿ ಇದ್ದವರ ಮನೆಗೆ ಬೇಕೇ ಬೇಕು ಎನ್ನುತ್ತಾನೆ ಮಾರುವವನು. ಮಗುವಿನ ಸೀನು, ತಾಯಿಯ ದಮ್ಮು ತೋರಿಸಲೆಂದು ಅಕ್ಕಲಕೋಟೆಯಿಂದ ಬಸ್ಸು ಹತ್ತಿ ಬಂದವರು ಗುಳಿಗೆಯ ಚೀಟಿಯ ಜೊತೆ ಈ ಡಬ್ಬಿಯ ಬೆಲೆಯನ್ನೂ ವಿಚಾರಿಸಿಕೊಂಡು ಹೋಗುತ್ತಾರೆ.

ಆ ಡಬ್ಬಿಯ ಹೊಟ್ಟೆಯಲ್ಲಿರುವ ಮಡಿಕೆ ಮಡಿಕೆಯ ಕಾಗದ ಹುಟ್ಟಿದ್ದು ಸೀನುವವರಿಗಾಗಿ ಅಲ್ಲ. ಸೀನಿಗೆ ಕಾರಣ ಹುಡುಕುತ್ತ ಹೋದವರಿಗೂ ಆ ಕಾಗದಕ್ಕೂ ಬಹುಕಾಲ ಸಂಬಂಧವೇ ಇರಲಿಲ್ಲ. ಎರಡೂ ಬೇರೆ ಬೇರೆ ಹುಡುಕಾಟಗಳು. ಒಂದನ್ನು ನಡೆಸಿದವರು ವೈದ್ಯರು, ಇನ್ನೊಂದನ್ನು ಸೈನ್ಯದವರು. ಎರಡೂ ಕೊನೆಗೆ ನಮ್ಮ ಮಲಗುವ ಕೋಣೆಯಲ್ಲಿ ಬಂದು ಸೇರಿದವು, ಆದರೆ ಒಂದಕ್ಕೊಂದು ಪೂರ್ತಿ ಹೊಂದಿಕೊಳ್ಳಲಿಲ್ಲ. ಈ ಯಂತ್ರ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಹೊಂದದ ಜಾಗದಲ್ಲೇ.

ವೈದ್ಯರ ಕತೆಯಲ್ಲಿ ಮೊದಲು ಬರುವವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಸ್ವತಃ ಡಾಕ್ಟರು, ಬೇಸಿಗೆ ಬಂದರೆ ಮೂಗು ಸೋರಿ ಕಣ್ಣು ಕೆಂಪಾಗುವ ರೋಗಿಯೂ ಅವರೇ. ಬಿಸಿಲಿನಿಂದ, ಧೂಳಿನಿಂದ, ಒಣಹುಲ್ಲಿನ ವಾಸನೆಯಿಂದ ಎಂದು ಜನ ಏನೇನೋ ಹೇಳುತ್ತಿದ್ದ ಕಾಲದಲ್ಲಿ ಅವರು ಒಂದೊಂದನ್ನೂ ತಮ್ಮ ಮೂಗಿಗೇ ಒಡ್ಡಿ ನೋಡಿದರು. ಹುಲ್ಲಿನ ಪರಾಗ ಸೋಕಿದಾಗ ಮಾತ್ರ ರೋಗ ಕೆರಳಿತು. ಅಂಟು ಬಳಿದ ಗಾಜಿನ ತುಂಡುಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಬಿಟ್ಟು, ಎತ್ತರದ ಗಾಳಿಯಲ್ಲೂ ಪರಾಗ ತೇಲುತ್ತದೆಂದು ಎಣಿಸಿ ತೋರಿಸಿದರು. ಇದನ್ನೆಲ್ಲ ಬರೆದ ಪುಸ್ತಕ ಹೊರಬಂದದ್ದು 1873ರಲ್ಲಿ. ಅಲರ್ಜಿ ಎಂಬ ಹೆಸರನ್ನು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಡುವುದಕ್ಕೆ ಇನ್ನೂ ಮೂವತ್ತಮೂರು ವರ್ಷ ಬಾಕಿಯಿತ್ತು.

ಆದರೆ ಹೊಲದಲ್ಲಿ ಹುಲ್ಲೇ ಇಲ್ಲದ ಕಾಲದಲ್ಲೂ, ಬಾಗಿಲು ಮುಚ್ಚಿದ ಮನೆಯೊಳಗೂ ಸೀನುವವರಿದ್ದರು. 1920ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಕುಕ್ ಮೊದಲಾದವರು ಮನೆಯ ಧೂಳಿನಲ್ಲೇ ಏನೋ ಇದೆ ಎಂದರು. ಧೂಳಿನ ಕಷಾಯ ಮಾಡಿ ಚರ್ಮಕ್ಕೆ ಚುಚ್ಚಿದರೆ ಗಂಧೆ ಏಳುತ್ತಿತ್ತು. ಧೂಳಿನಲ್ಲಿ ಇರುವುದಾದರೂ ಏನು? ಹತ್ತಿ, ಉಣ್ಣೆ, ಕೂದಲು, ಬೂಷ್ಟು, ಹುಳುಗಳ ರೆಕ್ಕೆ. ಯಾವುದನ್ನು ಹಿಡಿದು ಪರೀಕ್ಷಿಸಿದರೂ ಪೂರ್ತಿ ಉತ್ತರ ಸಿಗಲಿಲ್ಲ.

ಅದೇ ಹೊತ್ತಿಗೆ ಹಾಲೆಂಡಿನ ಲೈಡನ್ ನಗರದಲ್ಲಿ ವಿಲೆಮ್ ಸ್ಟಾರ್ಮ್ ಫಾನ್ ಲ್ಯೂವೆನ್ ಎಂಬ ಔಷಧವಿಜ್ಞಾನಿ ಬೇರೆ ದಾರಿ ಹಿಡಿದರು. ತಗ್ಗುಪ್ರದೇಶದ ತೇವದಲ್ಲಿ ನರಳುವ ದಮ್ಮಿನ ರೋಗಿಗಳು ಆಲ್ಪ್ಸ್ ಬೆಟ್ಟಗಳಿಗೆ ಹೋದರೆ ಸುಧಾರಿಸುತ್ತಾರೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಬೆಟ್ಟವನ್ನೇ ಊರಿಗೆ ತಂದರಾಯಿತು ಎಂದು ಅಲರ್ಜಿಕಾರಕಗಳು ಸುಳಿಯದಂತೆ ಗಾಳಿ ಕೊಡುವ ವಿಶೇಷ ಕೋಣೆಗಳನ್ನು ಕಟ್ಟಿಸಿದರು. ಅಲ್ಲಿ ಮಲಗಿದ ಅನೇಕರಿಗೆ ಉಸಿರು ಹಗುರಾಯಿತು. ಮನೆಯ ಗಾಳಿ ಶುದ್ಧಮಾಡಿ ಅಲರ್ಜಿ ತಗ್ಗಿಸುವ ಯೋಚನೆಗೆ ತವರು ಯಾವುದು ಎಂದು ಕೇಳಿದರೆ ನಾನು ಆ ಕೋಣೆಯನ್ನೇ ತೋರಿಸುತ್ತೇನೆ. ಆದರೆ ಆ ಕೋಣೆಗೆ ಬಂದ ರೋಗಿ ತನ್ನ ಮನೆಯ ಗಾಳಿಯನ್ನಷ್ಟೇ ಬಿಟ್ಟು ಬಂದಿರಲಿಲ್ಲ, ಮನೆಯ ಗಾದಿ, ದಿಂಬು, ಹೊದಿಕೆಗಳನ್ನೂ ಬಿಟ್ಟು ಬಂದಿದ್ದ. ಗುಣ ಬಂದದ್ದು ಯಾವುದರಿಂದ?

ಉತ್ತರವೂ ಅದೇ ಲೈಡನ್ನಿನಿಂದ ಬಂತು, ನಾಲ್ಕು ದಶಕ ತಡವಾಗಿ. ರೈಂಡರ್ಟ್ ಫೋರ್‌ಹೋರ್ಸ್ಟ್ ಎಂಬ ವೈದ್ಯರು ಸ್ಪೀಕ್ಸ್ಮಾ ದಂಪತಿಗಳೊಡನೆ ಮನೆಮನೆಯ ಧೂಳು ಕಲೆಹಾಕಿ ನೋಡಿದಾಗ, ತೇವದ ಮನೆಗಳ ಧೂಳಿಗೆ ಒಣ ಮನೆಗಳ ಧೂಳಿಗಿಂತ ಖಾರ ಹೆಚ್ಚು ಎಂಬುದು ಎದ್ದು ಕಂಡಿತು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಎಂಟು ಕಾಲಿನ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದೊಡ್ಡದಾದ ಪ್ರಾಣಿ. ಅದು ಧೂಳಿನ ನುಸಿ, ನಮ್ಮ ತೆಂಗಿನ ತೋಟಗಳನ್ನು ಕಾಡಿದ ನುಸಿಯ ದೂರದ ನೆಂಟ. ಆ ಜೀವಿಯನ್ನು ಅದಕ್ಕೂ ಎಷ್ಟೋ ಮೊದಲು, 1897ರಲ್ಲೇ ಪ್ರಾಣಿಶಾಸ್ತ್ರಜ್ಞರು ಹೆಸರಿಟ್ಟು ಬದಿಗಿಟ್ಟಿದ್ದರು. ಸೀನಿಗೂ ಅದಕ್ಕೂ ಗಂಟು ಹಾಕಿದ್ದು 1964ರ ಈ ತಂಡ. ನಾವು ನಿದ್ದೆಯಲ್ಲಿ ಹೊರಳಾಡುವಾಗ ಉದುರುವ ಚರ್ಮದ ಹೊಟ್ಟೇ ಅದರ ಊಟ. ಅದಕ್ಕೆ ನೀರು ಕುಡಿಯಲು ಬಾರದು, ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಂಡು ಬದುಕುತ್ತದೆ.

1981ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಯೂವನ್ ಟೋವಿ, ಮಾರ್ಟಿನ್ ಚಾಪ್ಮನ್, ಥಾಮಸ್ ಪ್ಲಾಟ್ಸ್-ಮಿಲ್ಸ್ ಎಂಬ ಮೂವರು ಕೆರಳಿಸುವ ವಸ್ತು ನುಸಿಯ ಮೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಹಿಕ್ಕೆಯಲ್ಲಿದೆ ಎಂದು ತೋರಿಸಿದರು. ಒಂದೊಂದು ಹಿಕ್ಕೆ ಸುಮಾರು 20 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಪರಾಗದ ಗಾತ್ರ. ಇನ್ನೂ ಮುಖ್ಯವಾದ ಮಾತು: ಯಾರೂ ಓಡಾಡದ ಕೋಣೆಯ ಗಾಳಿಯಲ್ಲಿ ಅವರಿಗೆ ಆ ವಸ್ತು ಸಿಗಲೇ ಇಲ್ಲ. ಹಾಸಿಗೆ ಕೊಡವಿದಾಗ ಮೇಲೆದ್ದಿತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೆಳಗೆ ಕೂತಿತು.

ಇದನ್ನು ಹೀಗೇ ಇಟ್ಟುಕೊಂಡು ಸೈನ್ಯದ ಕತೆಗೆ ಹೋಗೋಣ.

ಎರಡನೇ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷರ ಕೈಗೆ ಜರ್ಮನ್ ಸೈನಿಕರ ವಿಷಾನಿಲದ ಮುಖವಾಡಗಳು ಸಿಕ್ಕವು. ಅವುಗಳ ಡಬ್ಬಿ ಬಿಚ್ಚಿದರೆ ಒಳಗೊಂದು ವಿಚಿತ್ರ ಕಾಗದ. ಎಸ್ಪಾರ್ಟೊ ಎಂಬ ಹುಲ್ಲಿನ ನಾರಿಗೆ ಸಣ್ಣ ಕಲ್ನಾರಿನ ಎಳೆ ಬೆರೆಸಿ ಮಾಡಿದ್ದು. ಹೊಗೆಯನ್ನು ಹಿಡಿಯುತ್ತಿತ್ತು, ಆದರೂ ಉಸಿರಾಟಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಬ್ರಿಟಿಷರು ಅದನ್ನು ಅಮೆರಿಕದ ಎಜ್‌ವುಡ್‌ನಲ್ಲಿದ್ದ ಸೈನ್ಯದ ರಾಸಾಯನಿಕ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಅದರ ಪಡಿಯಚ್ಚು ತಯಾರಾಯಿತು. ಸ್ವಲ್ಪ ಕಾಲಕ್ಕೇ ಅಣುಬಾಂಬಿನ ಕೆಲಸ ನಡೆಯುತ್ತಿದ್ದ ಕಾರ್ಖಾನೆಗಳಿಗೂ ಇಂಥದ್ದೇ ಕಾಗದ ಬೇಕಾಯಿತು, ವಿಕಿರಣ ಸೂಸುವ ಧೂಳು ಕೊಳವೆಯಿಂದ ಹೊರಬಿದ್ದರೆ ಊರೇ ಹಾಳು. ಮುಂದೆ ಕಲ್ನಾರು ಹೋಗಿ ಗಾಜಿನ ನಾರು ಬಂತು. ಇಂಥ ಫಿಲ್ಟರಿಗೆ ಹೆಪಾ ಎಂಬ ಹೆಸರು ಅಂಟಿದ್ದು 1961ರ ಹೊತ್ತಿಗೆ, ಅಮೆರಿಕದ ಅಣುಶಕ್ತಿ ಆಯೋಗದ ಹಂಫ್ರಿ ಗಿಲ್ಬರ್ಟ್ ಅವರ ವರದಿಯಿಂದ.

ಯುದ್ಧದ ದಿನಗಳಲ್ಲಿ ಈ ಕಾಗದವನ್ನು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ ಸಲಹೆಗೆ ಕರೆದದ್ದು ಇರ್ವಿಂಗ್ ಲಾಂಗ್ಮ್ಯೂರ್ ಅವರನ್ನು. 1932ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದವರು. ಅವರ ಲೆಕ್ಕದ ತಿರುಳು ಮೊದಲ ಕೇಳಿಕೆಗೆ ವಿಚಿತ್ರವೆನಿಸುತ್ತದೆ. ಜರಡಿಯಲ್ಲಿ ಕಾಳು ಸಣ್ಣದಾದಷ್ಟೂ ನುಸುಳುವುದು ಸುಲಭ. ಈ ಕಾಗದದಲ್ಲಿ ಹಾಗಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ಸಂದಣಿಯನ್ನು ನೆನೆಸಿಕೊಳ್ಳಿ. ದಢೂತಿ ಆಸಾಮಿ ಓಡಿಬಂದ ರಭಸಕ್ಕೆ ತಿರುಗಲಾರದೆ ಕಂಬಕ್ಕೆ ಢಿಕ್ಕಿ ಹೊಡೆಯುತ್ತಾನೆ. ಚಿಕ್ಕ ಪೋರ ಅತ್ತಿತ್ತ ಚಂಗನೆ ಹಾರುತ್ತ ಯಾರದೋ ಕಾಲಿಗೆ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಂಡು ಆಚೆ ಹೋಗುವವನು ನಡುವಿನ ಮೈಕಟ್ಟಿನವನು. ದೊಡ್ಡ ಕಣಕ್ಕೆ ಗಾಳಿಯ ಜೊತೆ ಬಳುಕಲು ಬಾರದು, ನೇರ ಹೋಗಿ ನಾರಿಗೆ ಬಡಿಯುತ್ತದೆ. ತೀರ ಸಣ್ಣ ಕಣವನ್ನು ಗಾಳಿಯ ಅಣುಗಳು ತಳ್ಳಾಡಿ ಎಲ್ಲೆಲ್ಲೋ ಅಲೆಸಿ ಕೊನೆಗೆ ನಾರಿಗೇ ಅಂಟಿಸುತ್ತವೆ. ಇವೆರಡರ ನಡುವೆ 0.3 ಮೈಕ್ರಾನಿನ ಆಸುಪಾಸಿನ ಕಣವೇ ಹಿಡಿಯಲು ಎಲ್ಲಕ್ಕಿಂತ ಕಷ್ಟ. ಹಾಗಾದರೆ ಅದೇ ಗಾತ್ರದಲ್ಲಿ ಪರೀಕ್ಷೆ ಮಾಡಿ, ಅದನ್ನು ಹಿಡಿದರೆ ಉಳಿದದ್ದೆಲ್ಲ ಹಿಡಿದಂತೆ. ಡಬ್ಬಿಯ ಮೇಲೆ ಶೇಕಡಾ 99.97 ಎಂದು ಬರೆದಿರುತ್ತಾರಲ್ಲ, ಅದು ಈ ಕಷ್ಟದ ಗಾತ್ರದ ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂಬ ಅಂಕೆ. ಅದಕ್ಕಿಂತ ಸಣ್ಣದ್ದು ನುಸುಳೀತು ಎಂದು ಹೆದರಿಸಿ ದುಬಾರಿ ಮಾದರಿ ಮಾರುವವರ ಮಾತು ನಂಬಬೇಕಿಲ್ಲ.

ಈ ಕಾಗದದ ಕಲ್ಪನೆ ಮನೆಯೊಳಗೆ ಬಂದದ್ದು ಇನ್ನೊಂದು ಅಡ್ಡದಾರಿಯಿಂದ. 1963ರಲ್ಲಿ ಜರ್ಮನಿಯ ಮಾನ್‌ಫ್ರೆಡ್ ಮತ್ತು ಕ್ಲೌಸ್ ಹಾಮೆಸ್ ಎಂಬ ಅಣ್ಣತಮ್ಮಂದಿರು ಕಲ್ಲಿದ್ದಲ ಒಲೆಯ ಮಸಿಯಿಂದ ಗೋಡೆ ಕಪ್ಪಾಗುವುದನ್ನು ತಡೆಯಲು ನಾರಿನ ಮೆತ್ತೆಯೊಂದನ್ನು ಮಾಡಿ ಮಾರಿದರು. ಗೋಡೆಯೇನೋ ಬೆಳ್ಳಗಾಯಿತು. ಜೊತೆಗೆ ದಮ್ಮಿನವರ ಉಸಿರೂ ಸರಾಗವಾಯಿತು ಎಂದು ಅವರು ಕಟ್ಟಿದ ಕಂಪನಿ ಹೇಳಿಕೊಳ್ಳುತ್ತದೆ. ಕಂಪನಿಯವರು ಹೇಳುವ ಕತೆಯನ್ನು ಸ್ವಲ್ಪ ಉಪ್ಪು ಕಡಿಮೆ ಮಾಡಿಯೇ ಉಣ್ಣಬೇಕು. ಆದರೂ ಇದರಲ್ಲಿ ಮಸಿಯ ಪಾತ್ರ ಇರುವುದು ಗಮನಿಸತಕ್ಕದ್ದು. ಮಸಿ ಹಗುರ, ತಾಸುಗಟ್ಟಲೆ ತೇಲುತ್ತದೆ, ಫಿಲ್ಟರಿಗೆ ಸಿಗುತ್ತದೆ.

ಈಗ ಎರಡು ಕತೆಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಯಂತ್ರ ಹಿಡಿಯುವುದು ತೇಲುವುದನ್ನು. ನುಸಿಯ ಹಿಕ್ಕೆ ಹೆಚ್ಚು ಹೊತ್ತು ತೇಲುವುದಿಲ್ಲ, ಗಾದಿಯಲ್ಲಿ, ದಿಂಬಿನಲ್ಲಿ, ನಮ್ಮ ಮೂಗಿನಿಂದ ಒಂದು ಗೇಣಿನೊಳಗೆ ಕೂತಿರುತ್ತದೆ. ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುವ ಡಬ್ಬಿಗೆ ಅದರ ಸುಳಿವೂ ಹತ್ತುವುದಿಲ್ಲ. ಬೆಕ್ಕಿನ ಅಲರ್ಜಿ ಬೇರೆ, ಅದರ ಕಣಗಳು ಸಣ್ಣವು, ತೇಲುತ್ತವೆ. ಅಲ್ಲಾದರೂ ಯಂತ್ರ ಗೆಲ್ಲಬೇಕಿತ್ತು. ಅಮೆರಿಕದ ಬಾಲ್ಟಿಮೋರಿನ ರಾಬರ್ಟ್ ವುಡ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಕ್ಕು ಸಾಕಿದ ಅಲರ್ಜಿಯವರ ಪೈಕಿ ಅರ್ಧ ಜನಕ್ಕೆ ನಿಜವಾದ ಹೆಪಾ ಯಂತ್ರ, ಉಳಿದವರಿಗೆ ಹಾಗೇ ಕಾಣುವ ತೋರಿಕೆಯ ಯಂತ್ರ ಕೊಟ್ಟರು. ನಿಜವಾದ ಯಂತ್ರವಿದ್ದ ಮನೆಗಳ ಗಾಳಿಯಲ್ಲಿ ಬೆಕ್ಕಿನ ಅಂಶ ಕಡಿಮೆಯಾಯಿತು. ಆದರೆ ಸೀನು, ಉಬ್ಬಸಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಪ್ರಯೋಗಗಳಲ್ಲಿ ಅಲ್ಪಸ್ವಲ್ಪ ಲಾಭ ಕಂಡದ್ದೂ ಉಂಟು. ಗಾದಿಯ ಪಕ್ಷದವರೂ ಬೀಗುವಂತಿಲ್ಲ. 2003ರಲ್ಲಿ ಬ್ರಿಟನ್ನಿನಲ್ಲಿ 1,122 ದಮ್ಮಿನ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗಾದಿಗೆ ನುಸಿ ನುಸುಳದ ಗವಸು ತೊಡಿಸಿದ ಮಾತ್ರಕ್ಕೆ ಏನೂ ಲಾಭವಾಗಲಿಲ್ಲ. ಒಂದೇ ಉಪಾಯಕ್ಕೆ ಜೋತುಬಿದ್ದವರಿಗೆ ಎರಡೂ ಕಡೆ ನಿರಾಸೆಯೇ.

ಹಾಗಾದರೆ ಸೊಲ್ಲಾಪುರದ, ಅಕ್ಕಲಕೋಟೆಯ ಕೋಣೆಗಳಲ್ಲಿ ಏನು ತೇಲುತ್ತದೆ, ಏನು ಕೂರುತ್ತದೆ?

ಊರಿನ ಹೆಸರೇ ಚಾದರಕ್ಕೆ ಅಂಟಿಕೊಂಡಿದೆ. 1870ರ ದಶಕದಲ್ಲಿ ಇಲ್ಲಿ ಬಟ್ಟೆ ಗಿರಣಿ ಎದ್ದಾಗಿನಿಂದ ಹತ್ತಿಯ ಧೂಳು ಊರಿನ ಉಸಿರಿನಲ್ಲಿ ಸೇರಿದೆ. ಗಿರಣಿಗಳು ಮುಚ್ಚಿದವು, ಪವರ್‌ಲೂಮುಗಳು ಉಳಿದವು, ಎಷ್ಟೋ ಕಡೆ ಮನೆಗೆ ತಾಗಿಕೊಂಡೇ. ಹತ್ತಿಯ ಧೂಳಿನಿಂದ ನೇಕಾರರ ಎದೆ ಬಿಗಿಯುವುದು ಅಲರ್ಜಿಗಿಂತ ಬೇರೆಯ ರೋಗ. ರಜೆ ಮುಗಿಸಿ ಮತ್ತೆ ಕೆಲಸಕ್ಕೆ ನಿಂತ ಮೊದಲ ದಿನ ಅದು ಜೋರಾಗುತ್ತದೆ. ಮಗ್ಗದ ಮನೆಯಲ್ಲಿ ಏರ್ ಪ್ಯೂರಿಫೈಯರ್ ಇಡುವುದು ವ್ಯರ್ಥ, ಬಹುಬೇಗ ಬಾಯಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಬೇಕಾದ್ದು ಗಾಳಿ ಹೊರಹಾಕುವ ದೊಡ್ಡ ಫ್ಯಾನು, ಮುಖಕ್ಕೆ ಒಳ್ಳೆಯ ಮಾಸ್ಕು. ಮನೆಯ ಪಡಸಾಲೆಯಲ್ಲೇ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೂ ಅದೇ ಮಾತು. ತಂಬಾಕಿನ ಮೊರ ಮಲಗುವ ಕೋಣೆಗೆ ಬಾರದಂತೆ ನೋಡಿಕೊಂಡರೆ ಯಂತ್ರಕ್ಕಿಂತ ಹೆಚ್ಚು ಕೆಲಸವಾದೀತು.

ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಿ ಹಿಂಗಾರಿ ಜೋಳದ ರಾಶಿಯ ಕಾಲಕ್ಕೆ ಸುಂಕು ಹಾರುತ್ತದೆ. ಮೈ ತುರಿಸುತ್ತದೆ, ಮೂಗು ಉರಿಯುತ್ತದೆ. ಅದು ಕೆಲವೇ ದಿನದ ಕಾಟ. ಕಾಂಗ್ರೆಸ್ ಹುಲ್ಲಿನದು ಹಾಗಲ್ಲ. ಅದು ಈ ಭಾಗಕ್ಕೆ ಅಂಟಿದ ಹೊಸ ಪೀಡೆ, ಪಕ್ಕದ ಪುಣೆಯಿಂದಲೇ 1956ರಲ್ಲಿ ಅದರ ಬಗ್ಗೆ ವೈಜ್ಞಾನಿಕ ವರದಿ ಬಂತು. ಅಮೆರಿಕದಿಂದ ಪಿಎಲ್ 480 ಎಂಬ ಆಹಾರ ನೆರವಿನ ಗೋಧಿಯ ಜೊತೆ ಬಂತೆಂದು ಜನ ಹೇಳುತ್ತಾರೆ. ಆ ಗೋಧಿಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ, ಹುಲ್ಲು ಅಷ್ಟರಲ್ಲಾಗಲೇ ಪುಣೆಯಲ್ಲಿ ಬೇರು ಬಿಟ್ಟಿತ್ತು. ಆದರೂ ಕತೆ ಹುಲ್ಲಿನಷ್ಟೇ ಗಟ್ಟಿ, ಕಿತ್ತಷ್ಟೂ ಚಿಗುರುತ್ತದೆ. ಒಣಗಿದ ಗಿಡದ ಪುಡಿ ತಾಗಿ ರೈತರ ಚರ್ಮ ಬಿರಿಯುವುದು ಮೊದಲು ಡಾಕ್ಟರರ ಕಣ್ಣಿಗೆ ಬಿದ್ದದ್ದು. ಅದರ ಪರಾಗದಿಂದ ಮೂಗಿನ ಅಲರ್ಜಿಯೂ ಬರುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಅವರ ತಂಡ ವಿವರವಾಗಿ ಶೋಧಿಸಿತು. ಮೆಕ್ಸಿಕೋದಿಂದ ತಂದ ದುಂಬಿಯನ್ನು ಆ ಹುಲ್ಲು ಮೇಯಲೆಂದು 1984ರಲ್ಲಿ ಬಿಟ್ಟದ್ದೂ ಬೆಂಗಳೂರಿನಲ್ಲೇ. ದುಂಬಿ ಮಳೆಗಾಲದಲ್ಲಿ ಹೊಟ್ಟೆತುಂಬ ಮೇಯುತ್ತದೆ, ಒಣಹವೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ.

ಇದರ ಮೇಲೆ ರಸ್ತೆಯ ಧೂಳು, ಎರೆಮಣ್ಣಿನ ಪುಡಿ, ಕಸ ಸುಟ್ಟ ಹೊಗೆ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದಾಗ ಗಾಳಿ ಮಾನದಂಡ ಮುಟ್ಟದ ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು. ನನ್ನ ಮಟ್ಟಿಗೆ ಈ ಊರಿನಲ್ಲಿ ಯಂತ್ರಕ್ಕೆ ಸಮರ್ಥನೆ ಸಿಗುವುದು ಇಲ್ಲಿಂದ. ಹೊಗೆಯ ಸಣ್ಣ ಕಣ ಅಲರ್ಜಿಯನ್ನು ಹುಟ್ಟಿಸದಿದ್ದರೂ ಮೊದಲೇ ಕೆರಳಿದ ಮೂಗನ್ನು, ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ಮತ್ತು ಅದು ತೇಲುವ ಜಾತಿಯದು. ಮುಖವಾಡದ ಆ ಕಾಗದ ಹುಟ್ಟಿದ್ದೇ ಹೊಗೆಗಾಗಿ.

ನುಸಿಯ ವಿಷಯದಲ್ಲಿ ಸೊಲ್ಲಾಪುರಕ್ಕೆ ಹಾಲೆಂಡಿಗೆ ಇಲ್ಲದ ವರವೊಂದಿದೆ, ಒಣ ಬಿಸಿಲು. ಗಾಳಿಯ ತೇವ ಅರ್ಧಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ನುಸಿ ಬಾಳಲಾರದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಮಾಳಿಗೆಯ ಮೇಲೆ "ಗಾದಿ ಬಿಸಿಲಿಗೆ ಹಾಕ್ರಿ" ಎಂದು ಅಜ್ಜಿಯರು ಸೊಸೆಯಂದಿರನ್ನು ಕಾಡುತ್ತಿದ್ದದ್ದಕ್ಕೆ ಸಿಡ್ನಿಯಿಂದ ಸಾಕ್ಷಿ ಬಂದಿದೆ. ನೇರ ಬಿಸಿಲಿಗೆ ಹರಡಿದ ಜಮಖಾನದಲ್ಲಿ ನುಸಿಗಳು ಸಾಯುತ್ತವೆಂದು, ಹಿಕ್ಕೆಯ ಸಂಗತಿ ತೋರಿಸಿದ ಮೂವರಲ್ಲಿ ಒಬ್ಬರಾದ ಅದೇ ಟೋವಿ 1990ರ ದಶಕದಲ್ಲಿ ತೋರಿಸಿದರು. ಸತ್ತರೂ ಹಿಕ್ಕೆ ಉಳಿಯುತ್ತದಲ್ಲ, ಅದಕ್ಕೇ ಝಾಡಿಸಬೇಕು. ಝಾಡಿಸುವ ಕೆಲಸ ಅಲರ್ಜಿ ಇದ್ದವರಿಗೆ ಹಚ್ಚಬಾರದು. ಚಾದರ, ದಿಂಬಿನ ಗವಸು 55 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ತೊಳೆದರೆ ನುಸಿಯೂ ಹೋಗುತ್ತದೆ, ಹಿಕ್ಕೆಯೂ ಹೋಗುತ್ತದೆ. ಕೌದಿಯದು ತುಸು ಕಷ್ಟ. ಹಳೆಯ ಸೀರೆ, ಧೋತರಗಳ ಅಷ್ಟು ಪದರಗಳ ನಡುವೆ ಏನೆಲ್ಲ ಸೇರಿದೆಯೋ, ಮೇಲಿಂದ ಗೊತ್ತಾಗುವುದಿಲ್ಲ. ಅದನ್ನು ತೊಳೆದು ಪೂರ್ತಿ ಒಣಗಿಸಲು ಬೇಸಿಗೆಯೇ ಬೇಕು.

ಆ ವರವನ್ನು ನಾವೇ ಕಳೆದುಕೊಳ್ಳುವ ದಾರಿಯೂ ಇದೆ. ಕೂಲರ್ ನೀರು ಆವಿ ಮಾಡಿ ಕೋಣೆಗೆ ತೇವ ತುಂಬುತ್ತದೆ. ಅಮೆರಿಕದ ಒಣ ರಾಜ್ಯ ಕೊಲರಾಡೊದಲ್ಲಿ ಕೂಲರ್ ಇದ್ದ ಮನೆಗಳಲ್ಲಿ ನುಸಿಯ ಅಂಶ ಹೆಚ್ಚು ಸಿಕ್ಕಿತು. ಅಲ್ಲದೆ ಕೂಲರಿಗೆ ಕಿಟಕಿ ತೆರೆದಿರಬೇಕು, ಪ್ಯೂರಿಫೈಯರಿಗೆ ಮುಚ್ಚಿರಬೇಕು. ಎರಡನ್ನೂ ಒಟ್ಟಿಗೆ ನಡೆಸಿದರೆ ಒಂದು ಹೊರಗಿನ ಧೂಳನ್ನು ಒಳಗೆ ತಳ್ಳುತ್ತದೆ, ಇನ್ನೊಂದು ಊರಿನ ಗಾಳಿಯನ್ನೆಲ್ಲ ಸೋಸಲು ಹೊರಟು ಸೋಲುತ್ತದೆ. ಹಾಗಾಗಿ ಇಲ್ಲಿ ಈ ಯಂತ್ರದ ಹಂಗಾಮು ಮಳೆಗಾಲದಿಂದ ಚಳಿಗಾಲದವರೆಗೆ. ಕಾಂಗ್ರೆಸ್ ಹುಲ್ಲು ಹೂಬಿಟ್ಟಾಗ, ದೀಪಾವಳಿಯ ಪಟಾಕಿಯ ದಿನಗಳಲ್ಲಿ, ಚಳಿಗೆ ಹೊಗೆ ನೆಲಕ್ಕೆ ಅಂಟಿದ ಮುಂಜಾವುಗಳಲ್ಲಿ, ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ, ರಾತ್ರಿಯಿಡೀ.

ಕೊಳ್ಳುವವರು ಕೇಳಬೇಕಾದ ಅಂಕೆ 99.97 ಅಲ್ಲ, ಗಂಟೆಗೆ ಎಷ್ಟು ಘನಮೀಟರ್ ಗಾಳಿ ಸೋಸುತ್ತದೆ ಎಂಬುದು. ಹತ್ತು ಅಡಿಗೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿ. ಅದು ಗಂಟೆಗೆ ಐದು ಸಲ ಫಿಲ್ಟರ್ ದಾಟಬೇಕೆಂದರೆ 170. ಅದೂ ಸದ್ದು ಕಡಿಮೆ ಇರುವ ವೇಗದಲ್ಲಿ ಸಿಗಬೇಕು, ಯಾಕೆಂದರೆ ಜೋರು ವೇಗದಲ್ಲಿಟ್ಟು ಯಾರೂ ಮಲಗುವುದಿಲ್ಲ. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ, ಓಝೋನ್ ಸ್ವತಃ ಶ್ವಾಸಕೋಶಕ್ಕೆ ಉರಿ. ದುಡ್ಡು ಕಡಿಮೆಯಿದ್ದರೆ 2013ರಲ್ಲಿ ಬೀಜಿಂಗಿನ ಹೊಗೆಯಲ್ಲಿ ಸಿಕ್ಕಿಬಿದ್ದ ಥಾಮಸ್ ಟಾಲ್ಹೆಮ್ ಎಂಬ ಅಮೆರಿಕದ ವಿದ್ಯಾರ್ಥಿ ಮಾಡಿದ ಉಪಾಯವಿದೆ. ಮಾಮೂಲಿ ಫ್ಯಾನಿನ ಮುಂದೆ ಹೆಪಾ ಫಿಲ್ಟರ್ ಕಟ್ಟಿ ಅಳೆದು ನೋಡಿದರೆ ಕೆಲಸ ಮಾಡಿತು. ಯಂತ್ರದ ಒಳಗುಟ್ಟು ಅಷ್ಟೇ, ಒಂದು ಫ್ಯಾನು, ಒಂದು ಕಾಗದ.

ನಮ್ಮ ಮನೆಗಳಲ್ಲಿ ಏನೇ ಕೊಳೆಯಾದರೂ ನಲ್ಲಿಯ ಕೆಳಗೆ ಹಿಡಿಯುವ ರೂಢಿ. ಮುಂದಿನ ಜಾಳಿಗೆಯನ್ನು ಹಾಗೆ ತೊಳೆಯಬಹುದು, ಹತ್ತಿಯ ನಾರು, ಕೂದಲು ಅಲ್ಲೇ ಸಿಕ್ಕಿಕೊಂಡಿರುತ್ತವೆ. ಒಳಗಿನ ಹೆಪಾ ಕಾಗದಕ್ಕೆ ನೀರು ತಾಗಿಸಿದರೆ ಅದು ಕೆಟ್ಟಂತೆ, ಬೆರಳು ತೂರದಿದ್ದರೂ ಹೊಗೆ ತೂರುತ್ತದೆ. ಬದಲಿಸುವುದೊಂದೇ ದಾರಿ. ಬದಲಿಸುವ ಹೊತ್ತು ಹೇಳಲೆಂದು ಇರುವ ದೀಪ ಅಗ್ಗದ ಅನೇಕ ಯಂತ್ರಗಳಲ್ಲಿ ಎಣಿಸುವುದು ಓಡಿದ ಗಂಟೆಗಳನ್ನು, ಹಿಡಿದ ಧೂಳನ್ನಲ್ಲ. ಸೊಲ್ಲಾಪುರದ ಧೂಳಿಗೆ ಆ ಲೆಕ್ಕ ಸಾಲದು, ಆಗಾಗ ಬಿಚ್ಚಿ ಬಣ್ಣ ನೋಡಬೇಕು. ಆದ್ದರಿಂದ ಯಂತ್ರದ ಬೆಲೆ ಕೇಳುವ ಮೊದಲು ಫಿಲ್ಟರಿನ ಬೆಲೆ ಕೇಳಿ. ಅದು ಅಂಗಡಿಯಲ್ಲಿ ಈಗಲೇ ಇದೆಯೋ, ಪುಣೆಯಿಂದ ತರಿಸಬೇಕೋ, ಅದನ್ನೂ ಕೇಳಿ.